ನಿಯಮ ಬರೆಯುವವರು ಕೌಂಟರಿನಲ್ಲೇ ಇರಲಿ

ನಮಸ್ಕಾರ. ಕಾಸರಗೋಡಿನಿಂದ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ನೋ-ಕೋಡ್ ಆಟೊಮೇಶನ್. ಕೋಡ್ ಬರೆಯುವುದು ಬೇಡ. ಪರದೆಯ ಮೇಲೆ ಚೌಕಗಳನ್ನು ಒಂದಕ್ಕೊಂದು ಜೋಡಿಸಿ, "ಹೀಗಾದರೆ ಹಾಗೆ ಮಾಡು" ಎಂದು ಕಂಪ್ಯೂಟರಿಗೆ ಹೇಳಿಕೊಟ್ಟರೆ ಸಾಕು. ಜಾಪಿಯರ್, ಮೇಕ್, ಎನ್‌ಎಯ್ಟ್‌ಎನ್, ಜೋಹೊ ಫ್ಲೋ, ಪವರ್ ಆಟೊಮೇಟ್, ಪ್ಯಾಬ್ಲಿ, ಇವೆಲ್ಲ ಅಂಥ ಸಾಫ್ಟ್‌ವೇರ್‌ಗಳು. ಇವುಗಳಲ್ಲಿ ಒಂದೆರಡು ಹೆಸರಾದರೂ ನೀವು ಕೇಳಿರುತ್ತೀರಿ.

ಹೇಗೆ ಮಾಡುವುದು ಎಂದು ತೋರಿಸುವ ವಿಡಿಯೊಗಳು ಬೇಕಾದಷ್ಟು ಉಂಟು. ಯಾರು ಮಾಡಬೇಕು ಎನ್ನುವ ಮಾತು ಮಾತ್ರ ಬಹಳ ಕಡಿಮೆ. ನನಗೆ ಹೇಳಬೇಕಾದ್ದು ಅದೇ. ಹೀಗೆ ಜೋಡಿಸಿದ ಚೌಕಗಳ ಸಾಲಿಗೆ ಫ್ಲೋ ಎನ್ನುತ್ತಾರೆ. ಒಂದು ಅಂಗಡಿಯ ಫ್ಲೋ ಕಟ್ಟಬೇಕಾದವರು ಆ ಅಂಗಡಿಯಲ್ಲಿ ದಿನವೂ ಕೂತು ಚೀಟಿ ಬರೆಯುವವರು. ಊರಿನ ಹೊರಗಿನ ಏಜೆನ್ಸಿ ಅಲ್ಲ. ಬೆಂಗಳೂರಲ್ಲಿರುವ ಯಜಮಾನರ ಮಗನೂ ಅಲ್ಲ.

ಯಾಕೆ ಎಂದು ಹೇಳುತ್ತೇನೆ. ನಮ್ಮ ಕಡೆಯ ಅಡಿಕೆ ಅಂಗಡಿಯನ್ನೇ ತೆಗೆದುಕೊಳ್ಳಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿಯದಾದರೂ ಆಗಬಹುದು. ಕೃಷಿಕರು ಗೋಣಿ ತಂದು ಇಳಿಸುತ್ತಾರೆ. ತೂಕ ಆಗುತ್ತದೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕರಿಗೋಟು, ಕೋಕ ಎಂದು ಬೇರೆ ಬೇರೆ ಮಾಡಿ ದರ ಹಾಕುತ್ತಾರೆ. ಚೀಟಿ ಬರೆಯುತ್ತಾರೆ. ಅದೇ ಅಂಕಿ ಸಂಜೆ ಪುಸ್ತಕಕ್ಕೆ ಹೋಗುತ್ತದೆ. ಮರುದಿನ ಟ್ಯಾಲಿ ಎನ್ನುವ ಲೆಕ್ಕದ ಸಾಫ್ಟ್‌ವೇರಿಗೆ. ಹಣ ಹಾಕಿದ ಮೇಲೆ ವಾಟ್ಸಾಪಿನಲ್ಲಿ ಮತ್ತೊಮ್ಮೆ ಟೈಪ್ ಮಾಡಿ ಕೃಷಿಕರಿಗೆ ಕಳಿಸಬೇಕು. ಒಂದೇ ಅಂಕಿಯನ್ನು ನಾಲ್ಕು ಕಡೆ ಬರೆಯುವ ಕೆಲಸ ಇದು. ಮೂರನೇ ಕಡೆ ಬರೆಯುವಾಗ 68 ಹೋಗಿ 86 ಆಗುತ್ತದೆ. ಆಮೇಲೆ ರಾತ್ರಿ ಲೆಕ್ಕ ಕೂಡುವುದಿಲ್ಲ.

ಇಂಥ ಕಡೆ ಆಟೊಮೇಶನ್ ನಿಜವಾಗಿ ಉಪಕಾರಕ್ಕೆ ಬರುತ್ತದೆ. ತೂಕ, ನಮೂನೆ, ದರ, ಇಷ್ಟನ್ನು ಮೊಬೈಲಿನ ಒಂದು ಫಾರ್ಮಿನಲ್ಲಿ ಒಮ್ಮೆ ತುಂಬಿಸಿ. ಅದು ಶೀಟಿಗೆ, ಎಂದರೆ ಸಾಲು, ಕಾಲಂ ಇರುವ ಕಂಪ್ಯೂಟರಿನ ಪಟ್ಟಿಗೆ, ಹೋಗಿ ಕೂರುತ್ತದೆ. ಶೀಟಿನಲ್ಲಿ ಹೊಸ ಸಾಲು ಬಂದ ಕೂಡಲೇ ಫ್ಲೋ ಏಳುತ್ತದೆ. ಇದಕ್ಕೆ ಟ್ರಿಗರ್ ಎನ್ನುತ್ತಾರೆ. ಆಮೇಲೆ ರಸೀದಿ ಮಾಡುವುದು, ಮೆಸೇಜ್ ಕಳಿಸುವುದು, ಸಂಜೆಯ ಒಟ್ಟು ಲೆಕ್ಕ ಯಜಮಾನರಿಗೆ ಮುಟ್ಟಿಸುವುದು, ಇವೆಲ್ಲ ಆಕ್ಷನ್‌ಗಳು. ನಡುವೆ ಫಿಲ್ಟರ್ ಇಡಬಹುದು. ಇಷ್ಟು ರೂಪಾಯಿಗಿಂತ ಜಾಸ್ತಿ ಇದ್ದರೆ ಯಜಮಾನರು ಒಪ್ಪುವ ತನಕ ನಿಲ್ಲು, ಹೀಗೆ. ಟ್ಯಾಲಿ ಹೆಚ್ಚಿನ ಕಡೆ ಅಂಗಡಿಯ ಕಂಪ್ಯೂಟರಿನೊಳಗೇ ಇರುವುದರಿಂದ ಇಂಟರ್ನೆಟ್ಟಿನಲ್ಲಿರುವ ಈ ಸಾಫ್ಟ್‌ವೇರ್‌ಗಳು ಅದನ್ನು ನೇರವಾಗಿ ಮುಟ್ಟಲಾರವು. ಅದಕ್ಕೆ ನಡುವೆ ಒಂದು ಕನೆಕ್ಟರ್ ಬೇಕು. ಇಲ್ಲದಿದ್ದರೆ ದಿನದ ಕೊನೆಗೆ ಎಕ್ಸೆಲ್ ಫೈಲ್ ಮಾಡಿ ಒಳಗೆ ಹಾಕಬೇಕು. ಅಷ್ಟಾದರೂ ನಾಲ್ಕು ಸಲದ ಬರವಣಿಗೆ ಒಂದಕ್ಕೆ ಇಳಿಯಿತು ಅಲ್ವಾ?

ಇಲ್ಲಿಯ ತನಕ ಯಾರು ಬೇಕಾದರೂ ಕಟ್ಟಬಹುದು. ಕಷ್ಟ ಇರುವುದು ಮುಂದೆ.

ಒಬ್ಬರು ಅಡಿಕೆ ತಂದು ಇಟ್ಟು, "ತೂಕ ಮಾಡಿ, ಆದರೆ ದರ ಈಗ ಕಡಿಯುವುದು ಬೇಡ, ಮುಂದಿನ ವಾರ ನೋಡೋಣ" ಎನ್ನುತ್ತಾರೆ. ಅದು ಮಾರಾಟವಾ, ಅಲ್ಲವಾ? ಇನ್ನೊಬ್ಬರು ಮಳೆಗಾಲಕ್ಕೆ ಮುಂಚೆ ಮೈಲುತುತ್ತು ಕಡ ಕೊಂಡುಹೋಗಿದ್ದಾರೆ. ಈಗ ಆ ಬಾಕಿ ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕು. ಆದರೆ ಪೂರ್ತಿ ಹಿಡಿಯುವುದು ಬೇಡ, ಮನೆಯಲ್ಲಿ ಮದುವೆ ಉಂಟು. ಮತ್ತೊಬ್ಬರ ಹಣದಲ್ಲಿ ಅರ್ಧ ಅವರ ಖಾತೆಗೆ, ಅರ್ಧ ಹೆಂಡತಿಯ ಖಾತೆಗೆ. ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಕೌಂಟರಿನಲ್ಲಿ ಕೂರುವ ಅಕ್ಕನ ತಲೆಯಲ್ಲಿ ಉಂಟು. ಹೊರಗಿನವರು ಬಂದು ಒಂದು ಗಂಟೆ ಕೇಳಿದರೂ ಅದು ಹೊರಗೆ ಬರುವುದಿಲ್ಲ. ಅವರಿಗೆ ಅದು ನಿಯಮ ಎಂದೇ ಅನಿಸಿರುವುದಿಲ್ಲ, ದಿನದ ಕೆಲಸ ಅಷ್ಟೇ. ಅವರೇ ಚೌಕಗಳನ್ನು ಜೋಡಿಸಲು ಕೂತಾಗ ಮಾತ್ರ, "ಇರಿ, ಇಲ್ಲಿ ಹೀಗೂ ಆಗುತ್ತದೆ" ಎಂದು ಒಂದೊಂದೇ ನೆನಪಾಗುತ್ತದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ಉಂಟು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕೇರಳಕ್ಕೆ 32, ಕರ್ನಾಟಕಕ್ಕೆ 29. ಮಂಗಳೂರಿಗೆ ಮಾಲು ಹೋದರೆ ಐಜಿಎಸ್‌ಟಿ, ಎಂದರೆ ರಾಜ್ಯ ದಾಟುವ ಮಾಲಿನ ತೆರಿಗೆ. ಕೇರಳದೊಳಗೇ ಆದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಎಂದರೆ ಕೇಂದ್ರದ್ದೊಂದು, ರಾಜ್ಯದ್ದೊಂದು. ದೂರದಲ್ಲಿ ಕೂತವರು ಫಿಲ್ಟರ್ ಬರೆದುಬಿಡುತ್ತಾರೆ: 29 ಇದ್ದರೆ ಐಜಿಎಸ್‌ಟಿ. ಹೆಚ್ಚಿನ ಬಿಲ್ಲುಗಳಿಗೆ ಅದು ಸರಿ. ಆದರೆ ನಂಬರ್ ಮಾತ್ರ ನೋಡಿದರೆ ಸಾಲದು, ಮಾಲು ಎಲ್ಲಿ ಇಳಿಯುತ್ತದೆ, ಯಾರ ಮಾತಿನ ಮೇಲೆ ಇಳಿಯುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಡಿಯ ತಲಪಾಡಿ ದಾಟುವ ಲಾರಿ ಯಾವುದು, ದಾಟದ್ದು ಯಾವುದು ಎಂದು ಗೊತ್ತಿರುವುದು ಲೋಡ್ ಮಾಡಿಸಿದವರಿಗೆ. ಅವರು ಫ್ಲೋ ಕಟ್ಟಿದರೆ, ಸಂಶಯ ಇರುವ ಬಿಲ್ಲನ್ನು ಬದಿಗಿಟ್ಟು ಲೆಕ್ಕದವರನ್ನು ಕೇಳುವ ದಾರಿಯನ್ನೂ ಸೇರಿಸುತ್ತಾರೆ.

ಕೆಲಸ ಗೊತ್ತಿರುವವರ ಕೈಗೆ ಕಂಪ್ಯೂಟರ್ ಬಂದದ್ದು ಇದು ಮೊದಲ ಸಲವೂ ಅಲ್ಲ. 1979ರಲ್ಲಿ ವಿಸಿಕ್ಯಾಲ್ಕ್ ಎನ್ನುವ ಸ್ಪ್ರೆಡ್‌ಶೀಟ್ ಬಂತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ಮಾಡಿದ್ದು. ಲೆಕ್ಕ ಬರೆಯುವವರು ಪ್ರೋಗ್ರಾಮರನ್ನು ಕಾಯದೆ, ತಾವೇ ಸೂತ್ರ ಹಾಕಿ, ತಾವೇ ಬದಲಿಸಿಕೊಳ್ಳಲು ಶುರು ಮಾಡಿದರು. ಜಾಪಿಯರ್ 2011ರದ್ದು. ಬರ್ಲಿನ್ನಿನ ಎನ್‌ಎಯ್ಟ್‌ಎನ್ 2019ರದ್ದು. ಪ್ರಾಗ್‌ನಲ್ಲಿ ಹುಟ್ಟಿದ ಇಂಟೆಗ್ರೊಮ್ಯಾಟ್ 2022ರಲ್ಲಿ ಮೇಕ್ ಎಂದು ಹೆಸರು ಬದಲಿಸಿತು. ಎಲ್ಲದರ ಬೇರು ಆ ಸ್ಪ್ರೆಡ್‌ಶೀಟಿನಲ್ಲೇ ಉಂಟು ಎಂದು ನಾನು ನಂಬುತ್ತೇನೆ. ಹಾಗೆ ಕೆಲಸ ಗೊತ್ತಿರುವವರ ಕೈಗೆ ಬಂದದ್ದನ್ನು ಮತ್ತೆ ಕೊಂಡುಹೋಗಿ ಬೇರೆಯವರ ಕೈಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಬೆಂಗಳೂರಿನ ಮಗನ ವಿಷಯ. ದುಬೈಯ ತಮ್ಮನೂ ಆಗಬಹುದು. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯ ಇಲ್ಲ. ಓಣಂ ರಜೆಗೋ ದೀಪಾವಳಿಗೋ ಬರುತ್ತಾರೆ, ಎರಡು ದಿನದಲ್ಲಿ ಚಂದದ ಫ್ಲೋ ಕಟ್ಟಿ ಕೊಡುತ್ತಾರೆ, ಹೋಗುತ್ತಾರೆ. ಖಾತೆ ಅವರ ಸ್ವಂತ ಇಮೇಲಿನಲ್ಲಿ. ಓಟಿಪಿ ಅವರ ಮೊಬೈಲಿಗೆ. ಒಂದು ದಿನ ಇಲ್ಲಿ ಯಾರೋ ಶೀಟಿನ ಕಾಲಂ ತಲೆಬರಹದಲ್ಲಿ "ತೂಕ" ಅಳಿಸಿ "ತೂಕ ಕೆಜಿ" ಎಂದು ಬರೆಯುತ್ತಾರೆ. ಫ್ಲೋಗೆ ಆ ಕಾಲಂ ಸಿಗುವುದಿಲ್ಲ. ಇಲ್ಲವೇ ಜಿಮೇಲ್ ಪಾಸ್‌ವರ್ಡ್ ಬದಲಾಗಿ ಸಂಪರ್ಕ ಕಡಿಯುತ್ತದೆ. ಇಲ್ಲವೇ ತಿಂಗಳ ಪಾಲು ಮುಗಿಯುತ್ತದೆ. ಜಾಪಿಯರ್‌ನ ಉಚಿತ ಪ್ಲಾನಿನಲ್ಲಿ ತಿಂಗಳಿಗೆ ಸಿಗುವುದು 100 ಟಾಸ್ಕ್. ಫ್ಲೋ ಮಾಡುವ ಒಂದೊಂದು ಆಕ್ಷನ್ ಒಂದು ಟಾಸ್ಕ್. ದಿನಕ್ಕೆ 40 ಜನ ಬರುವ ಅಂಗಡಿ, ಒಬ್ಬೊಬ್ಬರಿಗೆ ಮೂರು ಆಕ್ಷನ್ ಎಂದರೆ 120. ಮೊದಲ ದಿನವೇ ಖಾಲಿ. ಎಚ್ಚರಿಕೆಯ ಮೇಲ್ ಹೋಗುವುದು ದುಬೈಗೆ. ಇಲ್ಲಿ ಕೌಂಟರಿನಲ್ಲಿರುವವರಿಗೆ ಯಾವ ಸದ್ದೂ ಇಲ್ಲ. ಮೆಸೇಜ್ ಹೋಗುತ್ತಿದೆ ಎಂದೇ ಅವರ ನಂಬಿಕೆ. ಕೃಷಿಕರು ಬಂದು, "ನನ್ನ ರಸೀದಿ ಬರಲಿಲ್ಲವಲ್ಲ ಮಾರಾಯ್ರೆ" ಎಂದಾಗಲೇ ಗೊತ್ತಾಗುವುದು. ಆಗ ಅದನ್ನು ತೆರೆದು ನೋಡಲು ಅಂಗಡಿಯಲ್ಲಿ ಒಬ್ಬರಿಗೂ ಬರುವುದಿಲ್ಲ.

ಆದ್ದರಿಂದ ಖಾತೆ ಅಂಗಡಿಯ ಇಮೇಲಿನಲ್ಲೇ ಇರಬೇಕು. ತಪ್ಪಾದಾಗ ಬರುವ ಸೂಚನೆ ಕೌಂಟರಿನ ಫೋನಿಗೇ ಬರಬೇಕು. ಮಗ, ತಮ್ಮ ಎಲ್ಲರೂ ಕಲಿಸಲಿ, ಬೇಡ ಎನ್ನುವುದಿಲ್ಲ. ಮೌಸ್ ಮಾತ್ರ ಅಕ್ಕನ ಕೈಯಲ್ಲಿರಲಿ.

ಗಿರಾಕಿಗಳ ಪಟ್ಟಿಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಒಬ್ಬರದೇ ಹೆಸರು ಕನ್ನಡದಲ್ಲಿ ಒಂದು ಥರ, ಮಲಯಾಳದಲ್ಲಿ ಒಂದು ಥರ, ಇಂಗ್ಲಿಷಿನಲ್ಲಿ ಮೂರು ಥರ ಬರೆದಿರುತ್ತದೆ. ಒಂದೇ ಬೈಲಿನಲ್ಲಿ ಅದೇ ಹೆಸರಿನ ಇಬ್ಬರು ಇರುತ್ತಾರೆ. ಹೆಸರು ಹಿಡಿದು ಹುಡುಕುವ ಫ್ಲೋ ಇಲ್ಲಿ ಸೋಲುತ್ತದೆ. ಫೋನ್ ನಂಬರ್ ಹಿಡಿಯಬೇಕು. ಅದರಲ್ಲೂ ದೇಶದ ಕೋಡ್ ಬೇರೆ ಕಾಲಮ್ಮಿನಲ್ಲಿರಲಿ. ಎಲ್ಲ ನಂಬರಿಗೂ ಸುಮ್ನೆ 91 ಸೇರಿಸುವ ಫ್ಲೋ ಕಟ್ಟಿದರೆ, 971 ಎಂದು ಶುರುವಾಗುವ ನಂಬರುಗಳೆಲ್ಲ ಹಾಳು. ತೋಟ ಇಲ್ಲಿ, ಯಜಮಾನರು ಅಬುಧಾಬಿಯಲ್ಲಿ ಎನ್ನುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಇದನ್ನೂ ಊರಿನವರೇ ಮೊದಲಿಗೆ ನೆನಪಿಟ್ಟುಕೊಳ್ಳುವುದು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುವುದು. ಭಾಷೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಅಂಗಡಿಗೆ, ಆಸ್ಪತ್ರೆಗೆ, ಚಿಟ್ ಫಂಡಿಗೆ ಆ ನಿಯಮ ಇಲ್ಲ, ನಿಜ. ಆದರೆ ನಮ್ಮ ಎಣ್ಮಕಜೆ ಗ್ರಾಮದ ಒಬ್ಬ ಅಜ್ಜಿಗೆ ಬಾಕಿಯ ಮೆಸೇಜ್ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಅದನ್ನು ಓದಿಸಲು ಅವರು ಮೊಮ್ಮಗಳು ಶಾಲೆಯಿಂದ ಬರುವ ತನಕ ಕಾಯಬೇಕು. ಕೇಳಿದರೆ, "ಸಿಸ್ಟಮ್ಮಿನಲ್ಲಿ ಹಾಗೇ ಇರುವುದು, ಬದಲಿಸಲು ಆಗುವುದಿಲ್ಲ" ಎಂಬ ಉತ್ತರ.

ಆಗುತ್ತದೆ. ಖಂಡಿತ ಆಗುತ್ತದೆ. ಶೀಟಿನಲ್ಲಿ "ಭಾಷೆ" ಎಂದು ಒಂದು ಕಾಲಂ ಹಾಕಿ. ಗಿರಾಕಿ ಮೊದಲ ಸಲ ಬಂದಾಗ ಕೇಳಿ, ತುಂಬಿಸಿ. ಫ್ಲೋ ಆ ಕಾಲಂ ನೋಡಿ ಕವಲೊಡೆಯುತ್ತದೆ: ಕನ್ನಡ ಇದ್ದರೆ ಈ ಮೆಸೇಜ್, ಮಲಯಾಳ ಇದ್ದರೆ ಆ ಮೆಸೇಜ್. ವಾಟ್ಸಾಪಿನ ಅಧಿಕೃತ ಬಿಸಿನೆಸ್ ವ್ಯವಸ್ಥೆಯಲ್ಲಿ ಮುಂಚಿತವಾಗಿ ಒಪ್ಪಿಗೆ ಪಡೆದ ಟೆಂಪ್ಲೇಟ್‌ಗಳನ್ನು ಕಳಿಸಬೇಕಾಗುತ್ತದೆ. ಅವುಗಳನ್ನು ಕನ್ನಡದಲ್ಲೂ ಮಾಡಬಹುದು, ಮಲಯಾಳದಲ್ಲೂ ಮಾಡಬಹುದು. ಒಮ್ಮೆ ಕೂತು ಬರೆದರೆ ಆಯಿತು. ಇಷ್ಟು ಸುಲಭದ ಕೆಲಸ ಆಗದೆ ಉಳಿದರೆ, ಫ್ಲೋ ಕಟ್ಟಿದವರಿಗೆ ಆ ಅಜ್ಜಿ ಯಾರೆಂದೇ ಗೊತ್ತಿರಲಿಲ್ಲ ಎಂದು ನಾನು ತಿಳಿಯುತ್ತೇನೆ. ಕೌಂಟರಿನ ಅಕ್ಕನಿಗೆ ಗೊತ್ತು. ಅವರು ಅಜ್ಜಿಯ ಹತ್ತಿರ ಕನ್ನಡದಲ್ಲಿ, ಪಕ್ಕದವರ ಹತ್ತಿರ ತುಳುವಿನಲ್ಲಿ, ಮುಂದಿನವರ ಹತ್ತಿರ ಮಲಯಾಳದಲ್ಲಿ ಮಾತಾಡಿಯೇ ದಿನ ಕಳೆಯುವವರು.

ಅಧಿಕೃತ ವ್ಯವಸ್ಥೆ ಎಂದು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ಮಾಮೂಲಿ ನಂಬರಿನಿಂದಲೇ ಸಾವಿರಾರು ಮೆಸೇಜ್ ಕಳಿಸಿಕೊಡುತ್ತೇವೆ ಎನ್ನುವ ಕಳ್ಳದಾರಿಯ ಸಾಫ್ಟ್‌ವೇರ್‌ಗಳು ಅಗ್ಗಕ್ಕೆ ಸಿಗುತ್ತವೆ. ಅದನ್ನು ಹಿಡಿದರೆ ವಾಟ್ಸಾಪ್ ನಂಬರನ್ನೇ ಮುಚ್ಚುತ್ತದೆ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಗೊತ್ತಿರುವ ಅಂಗಡಿಯ ನಂಬರ್ ಹೋಗುತ್ತದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

"ಎಲ್ಲ ತಾನಾಗಿ ಆದರೆ ಆ ಅಕ್ಕನ ಕೆಲಸ ಏನಾಗುತ್ತದೆ?" ಈ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೆದರಿಕೆ ಸಹಜ. ಕೆಲಸ ಹೋಗುತ್ತದೆ ಎಂಬ ಭಯ ಇರುವವರು ತಲೆಯಲ್ಲಿರುವುದನ್ನು ಬಿಚ್ಚಿ ಹೇಳುವುದಿಲ್ಲ. ಹೇಳಬೇಕಾದ ಹಂಗೂ ಅವರಿಗಿಲ್ಲ. ಯಜಮಾನರು ಶುರು ಮಾಡುವ ಮೊದಲೇ ಎದುರು ಕೂತು ಹೇಳಬೇಕು: ನಿಮ್ಮನ್ನು ತೆಗೆಯುವುದಿಲ್ಲ, ಇದನ್ನು ನಡೆಸುವವರು ನೀವೇ, ಸಂಬಳ ಇಷ್ಟು ಜಾಸ್ತಿ. ಸಂಬಳದ ಮಾತು ಬಿಡಬಾರದು. ಏಜೆನ್ಸಿಗೆ ಕೊಡಲು ತಯಾರಿದ್ದ ದುಡ್ಡಿನಲ್ಲಿ ಒಂದು ಪಾಲು ಅವರಿಗೆ ಸೇರಬೇಕಾದದ್ದೇ.

ಕಲಿಯಲು ಆಗುತ್ತದಾ ಎಂದು ಕೇಳುತ್ತಾರೆ. ನಮ್ಮ ಶಾಲೆಗಳನ್ನು ನೋಡಿ. 2018ರಲ್ಲಿ ಕೇರಳದ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಐಟಿ ಕ್ಲಬ್ಬುಗಳು ಶುರುವಾದವು. ಅಲ್ಲಿ ಮಕ್ಕಳು ತುಂಡು ತುಂಡು ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುತ್ತಾರೆ. ನೋ-ಕೋಡ್ ಸಾಫ್ಟ್‌ವೇರಿನಲ್ಲಿ ಮಾಡುವುದೂ ಅದೇ ಜಾತಿಯ ಕೆಲಸ. ಒಂಬತ್ತನೇ ಕ್ಲಾಸಿನ ಮಗುವಿಗೆ ಆದದ್ದು, ವರ್ಷಗಟ್ಟಲೆ ಟ್ಯಾಲಿ ನಡೆಸಿದವರಿಗೆ ಯಾಕೆ ಆಗುವುದಿಲ್ಲ? ಈಗ ಈ ಸಾಫ್ಟ್‌ವೇರ್‌ಗಳಲ್ಲಿ ಎಐ ಕೂಡ ಬಂದಿದೆ. ಏನು ಬೇಕು ಎಂದು ಮಾತಿನಲ್ಲಿ ಬರೆದರೆ ಫ್ಲೋದ ಕರಡು ಮಾಡಿ ಕೊಡುತ್ತದೆ. ಹಾಗಿರುವಾಗ ಕೆಲಸವನ್ನು ಸರಿಯಾಗಿ ವಿವರಿಸಬಲ್ಲವರ ಬೆಲೆ ಇನ್ನೂ ಏರಿತು. ತೊಡಕು ಒಂದೇ. ಮೆನುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕಲಿಸುವವರೂ ಹೆಚ್ಚಾಗಿ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ನಮ್ಮ ಸಹಕಾರಿ ಸಂಘಗಳು, ವ್ಯಾಪಾರಿ ಸಂಘಗಳು ಮನಸ್ಸು ಮಾಡಿ ಕನ್ನಡದಲ್ಲಿ ಎರಡು ಶನಿವಾರದ ತರಗತಿ ಇಟ್ಟರೆ ಎಷ್ಟೋ ಜನರಿಗೆ ದಾರಿಯಾಗುತ್ತದೆ. ಕಲಿಸಲು ನಾನು ತಯಾರಿದ್ದೇನೆ.

ಶುರು ಮಾಡುವವರು ಇಷ್ಟು ಮಾಡಿ. ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದಲ್ಲಿ, ಕನ್ನಡದಲ್ಲಿ, ಒಂದು ಕೆಲಸ ಮೊದಲಿನಿಂದ ಕೊನೆಯ ತನಕ ಹೇಗೆ ನಡೆಯುತ್ತದೆ ಎಂದು ಬರೆಯಿರಿ. "ಒಮ್ಮೊಮ್ಮೆ ಹೀಗೂ ಆಗುತ್ತದೆ" ಎನ್ನುವುದನ್ನೆಲ್ಲ ಬದಿಯಲ್ಲಿ ಬರೆಯಿರಿ. ಆಟೊಮೇಟ್ ಮಾಡುವುದು ನಡುವಿನದ್ದನ್ನು ಮಾತ್ರ. ಬದಿಯಲ್ಲಿ ಬರೆದದ್ದು ಬಂದಾಗ ಫ್ಲೋ ನಿಂತು ಮನುಷ್ಯರನ್ನು ಕೇಳಬೇಕು. ಹಣ ಕಳಿಸುವ ಕೊನೆಯ ಗುಂಡಿ ಯಾವತ್ತೂ ಮನುಷ್ಯರೇ ಒತ್ತಲಿ. ಒಂದು ತಿಂಗಳು ಪುಸ್ತಕ, ಫ್ಲೋ ಎರಡೂ ಒಟ್ಟಿಗೆ ನಡೆಯಲಿ. ಎರಡೂ ಕಡೆಯ ಲೆಕ್ಕ ದಿನವೂ ತಾಳೆ ನೋಡಿ.

ಮೆಸೇಜಿನ ಕನ್ನಡ ಬರೆಯುವಾಗ ಇಂಗ್ಲಿಷಿನಿಂದ ಅನುವಾದದ ಯಂತ್ರಕ್ಕೆ ಹಾಕಿ ತೆಗೆಯಬೇಡಿ. ನೀವು ಬಾಯಲ್ಲಿ ಹೇಳುವ ಹಾಗೆಯೇ ಬರೆಯಿರಿ: "ನಿಮ್ಮ ಅಡಿಕೆ 52 ಕಿಲೊ ಆಯಿತು, ಹಣ ಬ್ಯಾಂಕಿಗೆ ಹಾಕಿದ್ದೇವೆ, ಚೀಟಿ ಅಂಗಡಿಯಲ್ಲಿ ಉಂಟು." ಅದು ಸರಿಯಾಯಿತಾ ಎಂದು ಸಂಶಯ ಬಂದರೆ ನನಗೆ ಕಳಿಸಿ. ಓದಿ, ತಿದ್ದಿ ವಾಪಸ್ ಕಳಿಸುತ್ತೇನೆ, ದುಡ್ಡು ಬೇಡ.