ಸಂಕ್ರಾಂತಿ ವಾರದಲ್ಲಿ ನಮ್ಮ ಶಾಲೆ

ಕೇಳುಗರಿಗೆ ನಮಸ್ಕಾರ.

ಜನವರಿ ಬಂತೆಂದರೆ ಹಳ್ಳಿ ಶಾಲೆಯ ಶಿಕ್ಷಕರಿಗೆ ಊರವರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಹಬ್ಬ ಅಂತೀರಿ, ಟೂರು ಅಂತೀರಿ, ಸಂತೆ ಅಂತೀರಿ, ಪಾಠ ಯಾವಾಗ ಮಾಡ್ತೀರಿ?” ಮಗು ಓದಲಿ, ತಮಗಿಂತ ಮುಂದೆ ಹೋಗಲಿ ಎಂಬ ಆಸೆಯಿಂದಲೇ ಅವರು ಕೇಳುತ್ತಾರೆ. ಹಾಗಾಗಿ ಅದಕ್ಕೆ ಸಮಾಧಾನದಿಂದಲೇ ಉತ್ತರ ಕೊಡಬೇಕು. ಸಂಕ್ರಾಂತಿ ಬಿದ್ದ ಒಂದು ವಾರವನ್ನು ಸೋಮವಾರದಿಂದ ಶನಿವಾರದವರೆಗೆ ನಿಮ್ಮ ಮುಂದಿಡುತ್ತೇನೆ. ಪಾಠ ಎಲ್ಲಿ ನಡೆಯಿತು, ಎಲ್ಲಿ ನಿಂತಿತು, ನೀವೇ ನೋಡಿ.

ನಮ್ಮದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, ಇಬ್ಬರು ಶಿಕ್ಷಕಿಯರು. ಒಂದು, ಎರಡು, ಮೂರನೇ ತರಗತಿಯವರು ನಲಿಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿಯ, ಕೊಠಡಿಯಲ್ಲಿ ಕೂರುತ್ತಾರೆ, ನಾಲ್ಕು ಮತ್ತು ಐದನೆಯವರು ಪಕ್ಕದ ಕೊಠಡಿಯಲ್ಲಿ. ಬಿಸಿಯೂಟದ ಅಡುಗೆ ಅಕ್ಕಂದಿರನ್ನೂ ಸೇರಿಸಿಯೇ ನಾವು ಶಾಲೆ ಎನ್ನುವುದು. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂಬುದು ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

ಸೋಮವಾರ ಬೆಳಿಗ್ಗೆ ಊರಿಗೆಲ್ಲ ಮಂಜು ಕವಿದಿತ್ತು. ಪ್ರಾರ್ಥನೆ, ನಾಡಗೀತೆ ಮುಗಿದ ಮೇಲೆ ಸಂವಿಧಾನದ ಪೀಠಿಕೆ. ರಾಜ್ಯದ ಶಾಲೆಗಳಲ್ಲಿ 2023ರಿಂದ ಇದನ್ನು ಓದಿಸುತ್ತಿದ್ದೇವೆ. “ಭಾರತದ ಜನತೆಯಾದ ನಾವು” ಎಂದು ಐದನೇ ತರಗತಿಯ ಹುಡುಗಿ ಶುರುಮಾಡಿದರೆ ಉಳಿದವರು ದನಿಗೂಡಿಸುತ್ತಾರೆ. ‘ಸಾರ್ವಭೌಮ’ ಎನ್ನುವಾಗ ಚಿಕ್ಕವರ ನಾಲಿಗೆ ತೊಡರುತ್ತದೆ. ಆದರೂ ಬಿಟ್ಟು ಮುಂದೆ ಹೋಗುವುದಿಲ್ಲ, ಅದನ್ನೂ ಹೇಳಿಯೇ ಹೇಳುತ್ತವೆ. ಆಮೇಲೆ ಹಾಲು. ಕ್ಷೀರಭಾಗ್ಯ ಶುರುವಾದದ್ದು 2013ರ ಆಗಸ್ಟ್‌ನಲ್ಲಿ, ಮಗುವಿಗೆ 150 ಮಿಲಿಲೀಟರ್ ಬಿಸಿ ಹಾಲು. ಈಗ ಅದಕ್ಕೆ ರಾಗಿ ಮಾಲ್ಟನ್ನೂ ಬೆರೆಸಿ ಕೊಡುತ್ತೇವೆ. ಚಳಿಗಾಲದಲ್ಲಂತೂ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿ ಆರುವವರೆಗೂ ಬಿಡುವುದೇ ಇಲ್ಲ.

ನಲಿಕಲಿ ಕೊಠಡಿಯಲ್ಲಿ ದಿನದ ಮೊದಲ ಕೆಲಸ ಹವಾಮಾನ ನಕ್ಷೆ ತುಂಬುವುದು. ಬಿಸಿಲು, ಮೋಡ, ಮಳೆ, ಗಾಳಿಗೆ ಚಿತ್ರಗಳಿವೆ. “ಮಂಜಿಗೆ ಚಿತ್ರಾನೇ ಇಲ್ವಲ್ಲ ಮಿಸ್” ಎಂದ ಎರಡನೇ ತರಗತಿಯ ಹುಡುಗ. ಹೊರಗೆ ಹೋಗಿ ನೋಡಿಕೊಂಡು ಬಾ ಎಂದೆ. ಬಂದವನು ಒಂದು ತೆಂಗಿನ ಮರ ಬರೆದು, ಅದರ ಅರ್ಧಭಾಗವನ್ನು ರಬ್ಬರಿನಿಂದ ಉಜ್ಜಿ ಮಸುಕು ಮಾಡಿದ. ಈಗ ನಮ್ಮ ನಕ್ಷೆಯಲ್ಲಿ ಮಂಜಿಗೆ ಅದೇ ಗುರುತು.

ನಲಿಕಲಿಯ ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಪೋಷಕರಲ್ಲಿ ಬಹಳ ಮಂದಿಗೆ ಅದು ಆಟವಾಗಿ ಮಾತ್ರ ಕಾಣುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಒಗ್ಗುವ ಕಲಿಕಾ ಕಾರ್ಡುಗಳನ್ನು ತಾವೇ ಕೂತು ರಚಿಸಿದರು. 2009-10ರ ಹೊತ್ತಿಗೆ ಇಡೀ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅಲ್ಲಿ ಮಗು ಅ, ಆ, ಇ, ಈ ಎಂದು ಶುರುಮಾಡುವುದಿಲ್ಲ. ರ, ಗ, ಸ, ದ, ಅ ಎಂದು ಶುರುಮಾಡುತ್ತದೆ. ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಈ ಐದೇ ಅಕ್ಷರ ಬಂದರೆ ಸಾಕು, ‘ಸರ’ ಓದಬಹುದು, ‘ಅರಸ’ ಓದಬಹುದು, ‘ದಸರ’ ಓದಬಹುದು, ‘ಗರಗಸ’ ಕೂಡ ಓದಬಹುದು. ‘ಗರಗಸ’ ಓದಿದ ದಿನ ಮಗು ಮನೆಗೆ ಹೋಗಿ ಅಪ್ಪನ ಗರಗಸವನ್ನು ಮುಟ್ಟಿ ಬರುತ್ತದೆ.

ಹಬ್ಬದ ವಾರದಲ್ಲಿ ಈ ಪದ್ಧತಿಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಂಕ್ರಾಂತಿಗೆಂದು ಕೆಲವು ಮಕ್ಕಳು ಅಜ್ಜಿ ಊರಿಗೆ ಹೋದವು. ಹಳೆಯ ಕ್ರಮದಲ್ಲಾಗಿದ್ದರೆ ತರಗತಿ ಮುಂದೆ ಹೋಗಿ, ಆ ಮಕ್ಕಳು ಅಷ್ಟು ಪುಟ ಹಿಂದೆ ಬೀಳುತ್ತಿದ್ದವು. ಇಲ್ಲಿ ಪ್ರತಿ ಮಗುವಿಗೂ ಅದರದೇ ಕಲಿಕಾ ಏಣಿ. ಎಲ್ಲಿ ನಿಂತಿತ್ತೋ ಆ ಮೆಟ್ಟಿಲಿನಿಂದಲೇ ಗುರುವಾರವೋ ಶುಕ್ರವಾರವೋ ಹತ್ತಲು ಶುರುಮಾಡುತ್ತದೆ. ಕೂಲಿ, ಸುಗ್ಗಿ, ಜಾತ್ರೆ, ಜ್ವರ ಎಂದು ದಿನ ತಪ್ಪುವ ಮಕ್ಕಳಿರುವ ಊರಿಗೆ ಇದಕ್ಕಿಂತ ಮಾನವೀಯವಾದ ಏರ್ಪಾಡು ನನಗಂತೂ ಕಂಡಿಲ್ಲ.

ಮಂಗಳವಾರ ಹಬ್ಬದ ರಜೆ.

ಬುಧವಾರ ನಾಲ್ಕು, ಐದನೆಯವರು ಹಬ್ಬದ ಬಗ್ಗೆ ಬರೆದರು. ಪಠ್ಯದ ಪ್ರಶ್ನೆಗೆ ಎರಡು ಸಾಲು ಬರೆಯಲು ಪೆನ್ಸಿಲ್ ಚೂಪು ಮಾಡುತ್ತಾ ಕಾಲ ಕಳೆಯುವ ಹುಡುಗ, ಸಂಜೆ ಎತ್ತುಗಳನ್ನು ಕಿಚ್ಚು ಹಾಯಿಸಿದ್ದರ ಬಗ್ಗೆ ಒಂದೂವರೆ ಪುಟ ಬರೆದಿದ್ದ. ಕೊಂಬಿಗೆ ಯಾವ ಬಣ್ಣ, ಕೊರಳಿಗೆ ಯಾವ ಹೂವು, ಯಾರ ಎತ್ತು ಹೆದರಿ ಹಿಂದೆ ಸರಿಯಿತು, ಯಾವ ಜೋಡಿ ಒಂದೇ ಏಟಿಗೆ ದಾಟಿತು, ಎಲ್ಲವೂ ಇತ್ತು. ಒತ್ತಕ್ಷರ ಅಲ್ಲಲ್ಲಿ ತಪ್ಪಿತ್ತು, ತಿದ್ದಿದೆವು. ಆದರೆ ಹೇಳಲು ಇದ್ದದ್ದನ್ನು ಹುಡುಗ ಹೇಳಿ ಮುಗಿಸಿದ್ದ. ಭಾಷೆ ಕಲಿಸುವವರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ಅದೇ ದಿನ ಮಧ್ಯಾಹ್ನ ಹೊರಸಂಚಾರದ ತಯಾರಿ. ಪೋಷಕರ ಒಪ್ಪಿಗೆ ಪತ್ರ, ಕಚೇರಿಯ ಅನುಮತಿ, ಮಿನಿ ಬಸ್ಸು, ಇವು ನಮ್ಮ ಕೆಲಸ. ಪ್ರಶ್ನೆ ತಯಾರಿಸುವುದು ಮಕ್ಕಳ ಕೆಲಸ. ಊರೊಳಗಿನ ಮರಗಳಲ್ಲೇ ಹಕ್ಕಿಗಳು ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿಗೆ ಹೋಗಿ ಏನು ಕೇಳಬೇಕು? ಬೋರ್ಡಿನ ಮೇಲೆ ಒಂದೊಂದಾಗಿ ಬಂದವು. “ಇಷ್ಟು ಹಕ್ಕಿಗೆ ಮೀನು ಎಲ್ಲಿಂದ ಸಿಗುತ್ತೆ?” “ಮರಿ ಕೆಳಗೆ ಬಿದ್ದರೆ ಯಾರು ನೋಡ್ಕೋತಾರೆ?” ಕೊನೆಯಲ್ಲಿ, ಸಾಮಾನ್ಯವಾಗಿ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ಕೇಳಿದಳು: “ಮರ ಪೂರ್ತಿ ಗೂಡೇ ಕಟ್ಟಿದ್ರೆ, ಮರದವರಿಗೆ ಹುಣಸೆಹಣ್ಣು ಸಿಗುತ್ತಾ?” ಅವಳ ಮನೆಯಲ್ಲೂ ಒಂದು ಹುಣಸೆ ಮರ ಇದೆ.

ಗುರುವಾರ ಹೊರಟೆವು. ಇಬ್ಬರು ತಾಯಂದಿರೂ ನಮ್ಮ ಜೊತೆ ಬಂದರು. ಕೊಕ್ಕರೆ ಬೆಳ್ಳೂರು ನಮ್ಮ ತಾಲ್ಲೂಕಿನದೇ ಊರು, ಶಿಂಷಾ ನದಿಗೆ ಹತ್ತಿರ. ಹೊರದೇಶದವರೂ ಬಂದು ನೋಡುವ ಜಾಗ, ಆದರೆ ನಮ್ಮ ಮಕ್ಕಳಲ್ಲಿ ಬಹುಪಾಲು ಅದನ್ನು ನೋಡಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಬಂದಿಳಿದಿರುತ್ತವೆ. ಗೂಡುಗಳು ಕಾಡಿನಲ್ಲಿಲ್ಲ. ಮನೆಗಳ ನಡುವೆ, ಹಿತ್ತಿಲಲ್ಲಿ, ಓಡಾಡುವ ದಾರಿಯ ಮೇಲೆಯೇ ಹುಣಸೆ, ಆಲ, ಅರಳಿ ಮರಗಳಲ್ಲಿವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿದ್ದರೆ ತಲೆಯ ಮೇಲೆ ಒಂದು ಹೆಜ್ಜಾರ್ಲೆ, ಕೊಕ್ಕಿನ ಕೆಳಗಿನ ಚೀಲ ಜೋಲಾಡಿಸುತ್ತಾ, ಕಡ್ಡಿ ಸರಿಮಾಡುತ್ತಿತ್ತು. ಬಸ್ಸಿನಲ್ಲಿ ಕಿವಿ ಕಿತ್ತುಹೋಗುವಂತೆ ಕೂಗಾಡಿಕೊಂಡು ಬಂದ ಮಕ್ಕಳು ಮರದ ಕೆಳಗೆ ತಾವಾಗಿಯೇ ಪಿಸುಮಾತಿಗೆ ಇಳಿದವು.

ಊರಿನ ಹಿರಿಯರೊಬ್ಬರು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದರು. ಮೀನು ಶಿಂಷಾ ಹೊಳೆಯಿಂದ, ಸುತ್ತಲಿನ ಕೆರೆಗಳಿಂದ ಬರುತ್ತದೆ. ಕೆರೆ ಒಣಗಿದ ವರ್ಷ ಹಕ್ಕಿ ದೂರ ದೂರ ಹಾರಬೇಕು. ಇವು ತವರಿಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು ಎಂದು ಊರು ತಲೆತಲಾಂತರದಿಂದ ನಂಬಿಕೊಂಡು ಬಂದಿದೆ, ಹಾಗಾಗಿ ಯಾರೂ ಕಲ್ಲು ಎಸೆಯುವುದಿಲ್ಲ. ಹುಣಸೆಹಣ್ಣಿನ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಆ ಹುಡುಗಿಯನ್ನೇ ನೋಡಿದರು. ಗೂಡಿರುವ ಮರದ ಹಣ್ಣು ಬಡಿಯಲು ಆಗುವುದಿಲ್ಲ, ಅದು ಮರದವರಿಗೆ ನಷ್ಟವೇ. ಅದಕ್ಕಾಗಿ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡು ಮಾಡಿದ್ದಾರೆ. ಜೊತೆಗೆ ಮರದ ಬುಡದಲ್ಲಿ ಬೀಳುವ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ನಂಬಿಕೆ, ನಷ್ಟ, ಗೊಬ್ಬರ, ಕಾನೂನು ನಾಲ್ಕೂ ಒಂದೇ ಮರದ ಕೆಳಗೆ ಮಕ್ಕಳಿಗೆ ಸಿಕ್ಕಿತು. ಪರಿಸರ ಅಧ್ಯಯನದ ಪುಸ್ತಕವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಹಕ್ಕಿ ಉಳಿಯಬೇಕಾದರೆ ಯಾರೋ ಒಬ್ಬರು ಹುಣಸೆಹಣ್ಣು ಬಿಟ್ಟುಕೊಡಬೇಕಾಗುತ್ತದೆ ಎಂಬುದು ಪುಸ್ತಕದಲ್ಲಿ ಹೀಗೆ ಎದುರಿಗೆ ಬಂದು ನಿಲ್ಲುವುದಿಲ್ಲ.

ವಾಪಸು ಬರುವಾಗ ಮದ್ದೂರಿನ ಪಕ್ಕದ ಶಿವಪುರದಲ್ಲಿ ಇಳಿದೆವು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಜಾಗ. ನಿಷೇಧಾಜ್ಞೆಯನ್ನು ಮೀರಿ ಅಲ್ಲಿ ಧ್ವಜ ಹಾರಿಸಿದರು. ಈಗ ಸತ್ಯಾಗ್ರಹ ಸೌಧ ಇದೆ. ನಮ್ಮ ಮಕ್ಕಳಿಗೆ ಬಾವುಟ ಎಂದರೆ ಸಿಹಿ ಹಂಚುವ ದಿನ. ಬಾವುಟ ಹಾರಿಸಿದ್ದಕ್ಕೆ ಹಿಡಿದು ಜೈಲಿಗೆ ಹಾಕುತ್ತಿದ್ದರು ಎಂದಾಗ ಒಬ್ಬ, “ನಮ್ಮೂರಿಂದಾನೂ ಬಂದಿದ್ರಾ ಮಿಸ್?” ಎಂದು ಕೇಳಿದ. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಸೇರಿದ್ದರು ಎಂದೆ. ಮನೆಗೆ ಹೋಗಿ ಹಿರಿಯರನ್ನು ಕೇಳಿಕೊಂಡು ಬಾ ಎಂದು ಕೆಲಸ ಕೊಟ್ಟೆ.

ಶುಕ್ರವಾರ ನಕ್ಷೆ ಬರೆಯುವ ದಿನ. ನಮ್ಮೂರಿನಿಂದ ಕೊಕ್ಕರೆ ಬೆಳ್ಳೂರಿಗೆ ದಾರಿ, ದಿಕ್ಕು, ಹೊಳೆ, ಹೆದ್ದಾರಿ. ಹೆಚ್ಚುಕಡಿಮೆ ಎಲ್ಲರ ನಕ್ಷೆಯಲ್ಲೂ ಹೆಜ್ಜಾರ್ಲೆ ದೇವಸ್ಥಾನಕ್ಕಿಂತ ದೊಡ್ಡದಾಗಿತ್ತು. ಅಳತೆಯ ಪಾಠವನ್ನು ಅಲ್ಲಿಂದಲೇ ಹಿಡಿದೆವು. ಆ ದಿನದ ಊಟಕ್ಕೆ ಮೊಟ್ಟೆ ಇತ್ತು, ತಿನ್ನದವರಿಗೆ ಬಾಳೆಹಣ್ಣು. 2024ರ ಸೆಪ್ಟೆಂಬರ್‌ನಿಂದ ವಾರದ ಆರು ದಿನವೂ ಕೊಡುವಂತಾಗಿದೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಇದಕ್ಕೆ ಕೈಜೋಡಿಸಿದೆ. ಮೊಟ್ಟೆ ಸುಲಿಯುತ್ತಾ ಹೆಜ್ಜಾರ್ಲೆಯ ಮೊಟ್ಟೆ ಎಷ್ಟು ದೊಡ್ಡದಿರಬಹುದು ಎಂದು ವಾದ ನಡೆಯಿತು.

ಶನಿವಾರ ತಿಂಗಳ ಮೂರನೇ ಶನಿವಾರ, ಅಂದರೆ ಸಂಭ್ರಮ ಶನಿವಾರ, ಬ್ಯಾಗ್ ಇಲ್ಲದ ದಿನ. ಅವತ್ತು ಮಕ್ಕಳ ಸಂತೆ ಇಟ್ಟುಕೊಂಡಿದ್ದೆವು. ಅವರೆಕಾಯಿಯ ಕಾಲ. ಸೊಪ್ಪು, ಎಳನೀರು, ನಿಂಬೆಹಣ್ಣು, ಎಳ್ಳು ಬೆಲ್ಲದ ಪೊಟ್ಟಣ, ಎಲ್ಲವನ್ನೂ ಗೋಣಿಚೀಲದ ಮೇಲೆ ಹರಡಿಕೊಂಡು ಕೂತವು. ಒಬ್ಬ ಅಜ್ಜಿ ಬಂದು ಮುಕ್ಕಾಲು ಕಿಲೋ ಅವರೆಕಾಯಿ ಕೇಳಿದರು. ಕಿಲೋಗೆ 60 ರೂಪಾಯಿ. ಮಾರುತ್ತಿದ್ದವಳು ನಾಲ್ಕನೇ ತರಗತಿಯ ಹುಡುಗಿ, ಸೋಮವಾರ ಭಿನ್ನರಾಶಿಯ ಲೆಕ್ಕದಲ್ಲಿ ಮುಕ್ಕಾಲು ಭಾಗಕ್ಕೆ ಬಣ್ಣ ತುಂಬಲು ತಡವರಿಸಿದ್ದಳು. ಅಜ್ಜಿ ಎದುರಿಗೆ ನಿಂತಿದ್ದಾರೆ, ತಕ್ಕಡಿ ಕೈಯಲ್ಲಿದೆ. ಮೊದಲು ಅರ್ಧ ಕಿಲೋ ತೂಕದ ಬಟ್ಟು ಇಟ್ಟು ತೂಗಿದಳು, “ಮೂವತ್ತು” ಎಂದಳು. ಆಮೇಲೆ ಕಾಲು ಕಿಲೋ ಇಟ್ಟಳು, “ಹದಿನೈದು.” ಎರಡನ್ನೂ ಚೀಲಕ್ಕೆ ಸುರಿದು, “ನಲವತ್ತೈದು ಕೊಡಜ್ಜಿ” ಎಂದಳು. ಅಜ್ಜಿ ಐವತ್ತರ ನೋಟು ಕೊಟ್ಟು, “ಚಿಲ್ಲರೆ ನೀನೇ ಇಟ್ಕೋ” ಎಂದರೆ ಒಪ್ಪಲಿಲ್ಲ, ಐದು ರೂಪಾಯಿ ಎಣಿಸಿ ಕೊಟ್ಟಳು. ಅಲ್ಲೇ ನಿಂತಿದ್ದ ಅವಳ ಅಪ್ಪ ಇದನ್ನೆಲ್ಲ ನೋಡಿದರು. “ಪಾಠ ಯಾವಾಗ ಮಾಡ್ತೀರಿ?” ಎಂದು ಕೇಳಿದ್ದವರಲ್ಲಿ ಅವರೂ ಒಬ್ಬರು.

ಬೆಳಿಗ್ಗೆ ನಮ್ಮೂರಿನಿಂದ ಪಟ್ಟಣದ ಶಾಲೆಗಳಿಗೆ ಮಕ್ಕಳನ್ನು ತುಂಬಿಕೊಂಡು ಹಳದಿ ವ್ಯಾನುಗಳು ಹೋಗುತ್ತವೆ. ಕಳಿಸುವ ತಂದೆತಾಯಿಯನ್ನು ನಾನು ದೂರುವುದಿಲ್ಲ. ಆದರೆ ಸಂತೆಯ ದಿನ ಆ ಮನೆಗಳವರೂ ಬಂದು ಕೊಂಡರು, ಕೂತರು, ನಕ್ಷೆಗಳನ್ನು ನೋಡಿದರು. ಊರಿನ ಶಾಲೆ ಅಲ್ಲಿ ಓದುವ ಮಕ್ಕಳಿಗಷ್ಟೇ ಸೇರಿದ್ದಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ವಿಜ್ಞಾನಿ ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆ ವರದಿ ಕೊಟ್ಟ ಮೇಲೆ 2001ರಲ್ಲಿ ಶಾಲಾಭಿವೃದ್ಧಿ ಸಮಿತಿಗಳು, ನಾವು ಬಾಯಿಮಾತಿನಲ್ಲಿ ಎಸ್‌ಡಿಎಂಸಿ ಎನ್ನುವ ಸಮಿತಿಗಳು, ಬಂದದ್ದು ಪೋಷಕರ ಕೈಗೆ ಶಾಲೆಯ ಹೊಣೆ ಕೊಡಲೆಂದೇ. ಸಭೆಗೆ ಬನ್ನಿ ಎಂದರೆ ಬಾರದವರು ಅವರೆಕಾಯಿ ಕೊಳ್ಳಲು ಬಂದರು. ಬಂದವರನ್ನು ಹಾಗೇ ಮರದ ಕೆಳಗೆ ಕೂರಿಸಿ ಸಭೆ ನಡೆಸಿದೆವು. ಗಣರಾಜ್ಯೋತ್ಸವದ ದಿನ ಪೀಠಿಕೆಯನ್ನು ಶಾಲೆಯಲ್ಲಿ ಓದಿದ ಮೇಲೆ ಊರ ಬಾಗಿಲಲ್ಲೂ ಮಕ್ಕಳಿಂದ ಓದಿಸಬೇಕು ಎಂದು ಸೂಚಿಸಿದ್ದು ಅಡುಗೆ ಅಕ್ಕ. ಎಲ್ಲರೂ ಒಪ್ಪಿದರು.

ಸಂತೆಯಲ್ಲಿ ಬಂದ ಲಾಭದಲ್ಲಿ ಒಂದು ಪಾಲು ಶಾಲೆಗೆ ಎಂದು ಮಕ್ಕಳೇ ಮೊದಲು ಮಾತಾಡಿಕೊಂಡಿದ್ದರು. ಅದರಲ್ಲಿ ಏನು ತರಬೇಕು? ಕೊಕ್ಕರೆ ಬೆಳ್ಳೂರಿನಲ್ಲಿ ಎಲ್ಲರೂ ಒಂದೇ ದುರ್ಬೀನನ್ನು ಸರದಿಯಲ್ಲಿ ನೋಡಬೇಕಾಗಿತ್ತು, ಹಾಗಾಗಿ ದುರ್ಬೀನು ಎಂದರು ಕೆಲವರು. ಥ್ರೋಬಾಲ್ ಎಂದರು ಉಳಿದವರು. ಶಾಲಾ ಸಂಸತ್ತಿನ ಮಂತ್ರಿಗಳು ಚೀಟಿ ಹಂಚಿ ಮತ ಹಾಕಿಸಿದರು, ಚೆಂಡು ಗೆದ್ದಿತು. ಸೋತವರು ಗಲಾಟೆ ಮಾಡಲಿಲ್ಲ. ಆದರೆ ಮುಂದಿನ ಸಂತೆಯ ದುಡ್ಡಿಗೆ ದುರ್ಬೀನೇ ಮೊದಲು ಎಂದು ಸಭೆಯ ಪುಸ್ತಕದಲ್ಲಿ ಬರೆಸಿ, ನಾನು ಬರೆದದ್ದನ್ನು ಓದಿ ನೋಡಿ, ಕೆಳಗೆ ಸಹಿ ಮಾಡಿ ಹೋದರು.

ನಮಸ್ಕಾರ.