ಒಂದನೇ ತರಗತಿಯಿಂದ ಶುರುವಾಗುವ ಕಡತ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಕಾಲೇಜೊಂದರ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಕಿಟಕಿಯ ಮುಂದೆ ಸಾಲು ನಿಲ್ಲುತ್ತಿತ್ತು. ಒಬ್ಬರ ಕಾಗದಗಳು ಸೀರೆ ಅಂಗಡಿಯ ಚೀಲದಲ್ಲಿ, ಇನ್ನೊಬ್ಬರವು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಕೊಂಡು, ಮತ್ತೊಬ್ಬರವು ಮೊಬೈಲಿನೊಳಗೆ. ಅಂಕ ಸಾಲದೆ ಸೀಟು ತಪ್ಪಿದರೆ ಜನ ಹೇಗೋ ಸಮಾಧಾನ ಮಾಡಿಕೊಳ್ಳುತ್ತಾರೆ. ಅಂಕ ಇದ್ದೂ ಒಂದು ಹಾಳೆ ಇಲ್ಲದೆ ಸೀಟು ತಪ್ಪಿದರೆ ಮಾತ್ರ ಆ ನೋವು ಬಹಳ ದಿನ ಹೋಗುವುದಿಲ್ಲ. ಅದಕ್ಕೇ ಇವತ್ತು ಅಂಕದ ಮಾತು ಬಿಟ್ಟು ಹಾಳೆಯ ಮಾತು ಆಡುತ್ತೇನೆ. ಎಂಜಿನಿಯರಿಂಗ್, ಕೃಷಿ, ಫಾರ್ಮಸಿಯಂತಹ ಕೋರ್ಸುಗಳ ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹೋಗುವವರು ತಮ್ಮ ಕಡತವನ್ನು ಹೇಗೆ ಜೋಡಿಸಿಕೊಳ್ಳಬೇಕು ಎಂಬುದಷ್ಟೇ ವಿಷಯ.

ಎಲ್ಲರೂ ಮಾಡುವ ತಪ್ಪು ಒಂದೇ. ಕೈಗೆ ಸುಲಭವಾಗಿ ಸಿಗುವ ಕಾಗದಗಳಿಂದ ಶುರು ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಆಧಾರ್, ಹತ್ತು ಫೋಟೊ ಸೇರಿದರೆ ಫೈಲು ದಪ್ಪವಾಗಿ ಕಾಣುತ್ತದೆ, ಮನಸ್ಸಿಗೆ ನೆಮ್ಮದಿಯಾಗುತ್ತದೆ. ನಾನು ಹೇಳುವುದು ಇದರ ಉಲ್ಟಾ. ಯಾವ ಕಾಗದ ಬರಲು ಹೆಚ್ಚು ದಿನ ಬೇಕೋ ಅದು ಫೈಲಿನಲ್ಲಿ ಮೊದಲು ಬರಲಿ. ಹಾಗೆ ನೋಡಿದರೆ ಕಾಲೇಜು ಸೇರುವ ಕಡತ ಶುರುವಾಗುವುದು ಪಿಯುಸಿಯಿಂದ ಅಲ್ಲ, ಒಂದನೇ ತರಗತಿಯಿಂದ.

ಕಾರಣ ಇದೆ. ಸರ್ಕಾರಿ ಸೀಟುಗಳ ಆಯ್ಕೆಗೆ ನಮ್ಮಲ್ಲಿ 2006ರ ನಿಯಮಗಳಿವೆ. ಅದರ ಪ್ರಕಾರ ಅರ್ಹತೆಯ ಮೊದಲ ಕಲಂ, ಅಂದರೆ ಹೆಚ್ಚಿನ ಮಕ್ಕಳು ಬರುವ 'ಎ' ಕಲಂ, ಏಳು ವರ್ಷದ ಲೆಕ್ಕ ಕೇಳುತ್ತದೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಓದಿನಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಶಾಲೆ, ಕಾಲೇಜುಗಳಲ್ಲಿ ಓದಿ ತೇರ್ಗಡೆಯಾಗಿರಬೇಕು. ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸು ಮಾಡಿರಬೇಕು. ಏಳು ವರ್ಷ ಒಟ್ಟಿಗೆ ಇರಬೇಕಿಲ್ಲ, ನಡುವೆ ಹೊರರಾಜ್ಯಕ್ಕೆ ಹೋಗಿ ಬಂದಿದ್ದರೂ ಅಡ್ಡಿಯಿಲ್ಲ. ಆದರೆ ಪ್ರತಿ ವರ್ಷಕ್ಕೂ ಪುರಾವೆ ಬೇಕು.

ಒಂದು ಸಲ ಒಬ್ಬ ಹುಡುಗ ತಾಯಿಯೊಂದಿಗೆ ಬಂದ. ಅಪ್ಪ ಕಟ್ಟಡ ಕೆಲಸದವರು, ಕೆಲಸ ಇದ್ದಲ್ಲಿಗೆ ಸಂಸಾರ. ಒಂದರಿಂದ ಮೂರರವರೆಗೆ ಇಲ್ಲಿ, ನಾಲ್ಕರಿಂದ ಎಂಟು ಹೊರರಾಜ್ಯದಲ್ಲಿ, ಒಂಬತ್ತರಿಂದ ಹನ್ನೆರಡು ಮತ್ತೆ ಇಲ್ಲಿ. ತಾಯಿ ಬೆರಳು ಮಡಚಿ ಎಣಿಸಿದರು. ಮೂರು, ನಾಲ್ಕು, ಒಟ್ಟು ಏಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆದರೆ ಮೂರನೇ ತರಗತಿ ಓದಿದ ಶಾಲೆ ಮಕ್ಕಳ ಸಂಖ್ಯೆ ಕುಸಿದು ಮುಚ್ಚಿಹೋಗಿತ್ತು. ಶಾಲೆ ಮುಚ್ಚಿದರೂ ದಾಖಲಾತಿ ವಹಿ ಎಲ್ಲಿಗೂ ಹೋಗುವುದಿಲ್ಲ, ಯಾರದೋ ಬೀರುವಿನಲ್ಲಿ ಇದ್ದೇ ಇರುತ್ತದೆ ಎಂದು ಹೇಳಿ ಅವರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಿದೆ. ವಹಿ ಪಕ್ಕದ ಊರಿನ ಶಾಲೆಯಲ್ಲಿತ್ತು. ಅದರಲ್ಲಿ ಹುಡುಗನ ಹೆಸರಿನ ಸಾಲು ಹುಡುಕಿ, ವ್ಯಾಸಂಗ ಪ್ರಮಾಣಪತ್ರ ಬರೆಸಿ, ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ ತರುವಷ್ಟರಲ್ಲಿ ಹನ್ನೊಂದು ದಿನ. ಇದೇ ಕೆಲಸವನ್ನು ಜನವರಿಯಲ್ಲಿ ಮಾಡಿದ್ದರೆ ಆ ಹನ್ನೊಂದು ದಿನ ಯಾರಿಗೂ ಭಾರವಾಗುತ್ತಿರಲಿಲ್ಲ. ಈಗ ಶಾಲಾ ಮಕ್ಕಳ ಓದಿನ ವಿವರವನ್ನು ಗಣಕದಲ್ಲಿ ಇಡುವ ಸ್ಯಾಟ್ಸ್ ಸಂಖ್ಯೆ ಬಂದ ಮೇಲೆ ಎಷ್ಟೋ ವಿವರ ಗಣಕದಲ್ಲೇ ಸಿಗುತ್ತದೆ, ನಿಜ. ಆದರೂ ಗಣಕದಲ್ಲಿ ಒಂದು ವರ್ಷ ಖಾಲಿ ಬಿಟ್ಟಿದ್ದರೆ ಅದನ್ನು ತುಂಬಿಸುವುದು ಆ ಹಳೆಯ ವಹಿಯೇ.

ವ್ಯಾಸಂಗ ಪ್ರಮಾಣಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ತರಗತಿ ಯಾವುದರಿಂದ ಯಾವುದರವರೆಗೆ, ಇಸವಿ ಯಾವುದರಿಂದ ಯಾವುದರವರೆಗೆ, ಎರಡೂ ತಾಳೆಯಾಗುತ್ತವೆಯೇ ನೋಡಿ. ಮೊಹರು ಸಹಿಯ ಮೇಲೆ ಬಿದ್ದು ಎರಡೂ ಓದಲಾರದಂತಾಗಿದ್ದರೆ ಇನ್ನೊಂದು ಪ್ರತಿ ಕೇಳಿ. ಕೇಳಲು ಸಂಕೋಚ ಬೇಡ.

ಇದೇ ಶಾಲೆಯ ಕಾಗದಕ್ಕೆ ಅಂಟಿಕೊಂಡ ಇನ್ನೆರಡು ಪತ್ರಗಳಿವೆ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ ಮೀಸಲಾತಿ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ಓದು ಲೆಕ್ಕಕ್ಕೆ ಬರುತ್ತದೆ. ಗ್ರಾಮೀಣದ ವಿಷಯದಲ್ಲಿ ಜನ ತಪ್ಪು ತಿಳಿಯುವುದು ಇಲ್ಲೇ: ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು. ಎಂಟನೇ ತರಗತಿಗೆ ಬಸ್ಸು ಹತ್ತಿ ತಾಲ್ಲೂಕು ಕೇಂದ್ರದ ಹೈಸ್ಕೂಲಿಗೆ ಹೋದ ಹುಡುಗಿ, ರಾತ್ರಿ ಹಳ್ಳಿಯಲ್ಲೇ ಮಲಗಿದರೂ, ಆ ಮೀಸಲಾತಿಗೆ ಸೇರುವುದಿಲ್ಲ. ನನಗೆ ಇದು ನ್ಯಾಯ ಎಂದು ಎಂದೂ ಅನ್ನಿಸಿಲ್ಲ. ಆದರೆ ನನ್ನ ಅನ್ನಿಸಿಕೆಗೆ ಮೊಹರು ಇಲ್ಲವಲ್ಲ.

ಎರಡನೆಯ ಗುಂಪು ಕಂದಾಯ ಇಲಾಖೆಯದು. ಜಾತಿ, ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಿಂದ ಬರುತ್ತವೆ, ನೆತ್ತಿಯ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಪ್ರವರ್ಗ ಒಂದಕ್ಕೆ ನಮೂನೆ ಇ, 2ಎಯಿಂದ 3ಬಿವರೆಗಿನವರಿಗೆ ನಮೂನೆ ಎಫ್. ಈ ಕೊನೆಯದಕ್ಕೆ ಐದು ವರ್ಷದ ಆಯುಸ್ಸು. ಅಣ್ಣನ ಕಾಲದಲ್ಲಿ ಮಾಡಿಸಿದ್ದು ತಂಗಿಗೆ ಆಗುವುದಿಲ್ಲ. ಪತ್ರ ಅಪ್ಪನ ಹೆಸರಿನಲ್ಲಿದ್ದರೂ ಆಗುವುದಿಲ್ಲ, ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಕೇಂದ್ರ ಸಂಸ್ಥೆಗಳಿಗೆಂದು ಮಾಡಿಸುವ ಹಿಂದುಳಿದ ವರ್ಗದ ಪತ್ರದ ನಮೂನೆಯೇ ಬೇರೆ, ಅದನ್ನು ಇಲ್ಲಿ ಕೊಟ್ಟು ಪ್ರಯೋಜನವಿಲ್ಲ. ಅರ್ಜಿ ಹಾಕಿದ ದಿನ ಕೊಡುವ ಸಕಾಲ ಸಂಖ್ಯೆಯ ಚೀಟಿಯನ್ನು ಎಸೆಯಬೇಡಿ. 2011ರ ಸಕಾಲ ಕಾಯ್ದೆಯಲ್ಲಿ ಗೊತ್ತಾದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳಲು ಅವಕಾಶವಿದೆ. ಆ ಹಣ ಯಾರಿಗೂ ದೊಡ್ಡದಲ್ಲ. ಆದರೆ ಚೀಟಿ ಹಿಡಿದು ಕೇಳುವವರಿಗೆ ಸಿಗುವ ಉತ್ತರ ಬರಿಗೈಯಲ್ಲಿ ಕೇಳುವವರಿಗೆ ಸಿಗುವುದಿಲ್ಲ.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಮಕ್ಕಳಿಗೆ ಒಂದು ಮಾತು. ಸಂವಿಧಾನದ 371(ಜೆ) ಅನುಚ್ಛೇದದ ಅರ್ಹತಾ ಪತ್ರವನ್ನು ಕೊಡುವವರು ತಹಶೀಲ್ದಾರರಲ್ಲ, ಸಹಾಯಕ ಆಯುಕ್ತರು. ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಈ ಒಂದು ಹಾಳೆಯ ಮೇಲೆ ನಿಂತಿದೆ. ಇದನ್ನೂ ಮೊದಲೇ ಮಾಡಿಸಿ.

ಇನ್ನು ಹೆಸರು. ನಮ್ಮ ಹೆಸರುಗಳು ಕನ್ನಡದಲ್ಲಿ ಸರಿಯಾಗೇ ಇರುತ್ತವೆ, ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗ ಕಾಲು ಜಾರುತ್ತದೆ. ಒಂದು ಕಡೆ ಶ್ರೀಕಾಂತನ ಕೊನೆಗೆ 'ಎಚ್' ಇದೆ, ಇನ್ನೊಂದು ಕಡೆ ಇಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್ ಕಾರ್ಡಿನಲ್ಲಿ ಮುಂದೆ, ಜಾತಿ ಪತ್ರದಲ್ಲಿ ಇನಿಷಿಯಲ್ ಹಿಗ್ಗಿ ಅಪ್ಪನ ಪೂರ್ತಿ ಹೆಸರಾಗಿರುತ್ತದೆ. ಮನುಷ್ಯನ ಕಣ್ಣು ಮೂವರನ್ನೂ ಒಬ್ಬನೇ ಎಂದು ಗುರುತಿಸುತ್ತದೆ. ಗಣಕಕ್ಕೆ ಮೂವರೂ ಬೇರೆ ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಎಸ್ಸೆಸ್ಸೆಲ್ಸಿ ಪರೀಕ್ಷಾ ಮಂಡಳಿಗೆ ಬರೆಯಬೇಕು. ಅದು ನಿಧಾನದ ದಾರಿ, ಆದ್ದರಿಂದ ಫೈಲಿನಲ್ಲಿ ಅದಕ್ಕೇ ಮೊದಲ ಜಾಗ.

ಜೋಡಿಸುವ ಬಗೆ ಸರಳ. ಶಾಲೆಯವು, ಕಂದಾಯದವು, ಪರೀಕ್ಷೆಯವು ಎಂದು ಮೂರು ಕವರು. ಮೂಲ ಪ್ರತಿಗಳು ಪ್ಲಾಸ್ಟಿಕ್ ಹಾಳೆಯೊಳಗೆ, ಜೆರಾಕ್ಸ್ ಬೇರೆ. ಮೂಲಕ್ಕೆ ಪಂಚಿಂಗ್ ಮಾಡಬೇಡಿ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ: ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳ ಅಂಕಪಟ್ಟಿಯ ನೋಂದಣಿ ಸಂಖ್ಯೆಯ ನಡುವಿನ ಸೊನ್ನೆಯನ್ನು ನಾನೇ ತೂತು ಮಾಡಿದ್ದೆ. ಕಾಗದದ ಆ ಪುಟ್ಟ ಬಿಲ್ಲೆಯನ್ನು ಪಂಚಿಂಗ್ ಯಂತ್ರದ ಹೊಟ್ಟೆಯಿಂದ ಹುಡುಕಿ ತೆಗೆದು ಹಿಂದಿನಿಂದ ಟೇಪು ಹಚ್ಚಿ ಕೂರಿಸಿದೆ. ಆ ಹುಡುಗಿ ಏನೂ ಅನ್ನಲಿಲ್ಲ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕೊನೆಯದಾಗಿ, ಕಾಲೇಜಿನವರು ನಿಮ್ಮ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎಂದರೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿ. ಯುಜಿಸಿ 2018ರ ಅಕ್ಟೋಬರಿನಲ್ಲೇ ಸೂಚನೆ ಹೊರಡಿಸಿದೆ: ಮೂಲಗಳನ್ನು ವಿದ್ಯಾರ್ಥಿಯ ಎದುರಿಗೇ ನೋಡಿ, ಕೂಡಲೇ ಹಿಂದಿರುಗಿಸಬೇಕು. ವರ್ಗಾವಣೆ ಪತ್ರದ ಮಾತು ಬೇರೆ, ಟಿಸಿ ಒಳಗೆ ಹೋದರೆ ಅಲ್ಲೇ ಉಳಿಯುತ್ತದೆ. ಕೊಡುವ ಮುನ್ನ ಅದರ ನಾಲ್ಕು ಜೆರಾಕ್ಸ್ ತೆಗೆದಿಟ್ಟುಕೊಳ್ಳಿ. ಕೊಟ್ಟ ಕಾಗದಗಳ ಪಟ್ಟಿಗೆ ಕಿಟಕಿಯ ಒಳಗಿರುವವರಿಂದ ಸಹಿ ಹಾಕಿಸಿಕೊಳ್ಳಿ, ದಿನಾಂಕ ಬರೆದಿದ್ದಾರೆಯೇ ನೋಡಿ. ಗೊಣಗಿದರೂ ಹಾಕಿಕೊಡುತ್ತಾರೆ. ನಾನೂ ಗೊಣಗಿಕೊಂಡೇ ಹಾಕಿಕೊಡುತ್ತಿದ್ದೆ.

ನಮಸ್ಕಾರ.