ಸಾಲು ನಿಲ್ಲದ ಕಾಲ

ಎಲ್ಲರಿಗೂ ನಮಸ್ಕಾರ. ಯುದ್ಧ, ಹಣಕಾಸು, ಕೃತಕ ಬುದ್ಧಿಮತ್ತೆ ಈ ಮೂರರ ಬಗ್ಗೆ ಒಟ್ಟಿಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ಹಿಂಜರಿದೆ. ನಾನು ಸೈನ್ಯದಲ್ಲಿದ್ದವನಲ್ಲ, ಕಂಪ್ಯೂಟರ್ ಕಲಿತವನೂ ಅಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಈ ಮೂರನ್ನೂ ಗಮನಿಸುತ್ತಾ ಹೋದಂತೆ, ಮೂರರಲ್ಲೂ ನಮ್ಮ ಕೈಜಾರುತ್ತಿರುವುದು ಒಂದೇ ಎಂದು ನನಗೆ ಅನ್ನಿಸತೊಡಗಿತು. ಅದು ಸಾವಧಾನ. ತೀರ್ಮಾನಕ್ಕೆ ಮುನ್ನ ಮನುಷ್ಯನಿಗೆ ಸಿಗುತ್ತಿದ್ದ ಸಮಯ.

ನನಗೆ ಗೊತ್ತಿರುವ ಬ್ಯಾಂಕಿನಿಂದಲೇ ಆರಂಭಿಸುತ್ತೇನೆ. ಉಡುಪಿಯಲ್ಲಿ ನಿಂತು ಬೇರೆ ಕಡೆಯಿಂದ ಆರಂಭಿಸುವುದು ಸರಿಯೂ ಅಲ್ಲ. 1928ರಲ್ಲಿ ಪಿಗ್ಮಿ ಠೇವಣಿ ಹುಟ್ಟಿದ್ದು ಇಲ್ಲಿ. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆಬಾಗಿಲಿಗೆ ಬ್ಯಾಂಕೇ ನಡೆದು ಹೋಗುತ್ತಿತ್ತು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಪಿಗ್ಮಿ ಸಂಗ್ರಹಿಸುವವನಿಗೆ ತಿಳಿದಿರುತ್ತಿತ್ತು. ಬ್ಯಾಂಕುಗಳು ಆಗಲೂ ಮುಳುಗುತ್ತಿದ್ದವು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದ ಬಳಿಕವೇ, 1962ರಲ್ಲಿ, ನಮ್ಮಲ್ಲಿ ಠೇವಣಿಗೆ ವಿಮೆ ಬಂತು. ಆದರೆ ಅಂದು ವದಂತಿ ಹಬ್ಬಿದರೂ ಠೇವಣಿದಾರ ಪಾಸ್‌ಬುಕ್ ಹುಡುಕಬೇಕಿತ್ತು, ಬಸ್ ಹಿಡಿಯಬೇಕಿತ್ತು, ಸಾಲಿನಲ್ಲಿ ನಿಂತು ಹಿತ್ತಾಳೆಯ ಟೋಕನ್ ಪಡೆಯಬೇಕಿತ್ತು. ಸಾಲಿನಲ್ಲಿ ಹಿಂದೆ ಮುಂದೆ ನಿಂತವರು ಮಾತನಾಡಿಕೊಳ್ಳುತ್ತಿದ್ದರು. ಮ್ಯಾನೇಜರ್ ಹೊರಬಂದು ಪರಿಚಯದ ಮುಖಗಳಿಗೆ ಸಮಾಧಾನ ಹೇಳುತ್ತಿದ್ದರು, ಅಷ್ಟರಲ್ಲಿ ಪಕ್ಕದ ಶಾಖೆಯಿಂದ ನಗದು ತರಿಸುತ್ತಿದ್ದರು. ಆ ಸಾಲನ್ನು ನಾವು ಶಾಪ ಎಂದುಕೊಂಡಿದ್ದೆವು. ಅದು ಎಷ್ಟು ಬ್ಯಾಂಕುಗಳನ್ನು ಉಳಿಸಿತ್ತು ಎಂಬುದು ನನಗೆ ಹೊಳೆದದ್ದು 2023ರ ಮಾರ್ಚ್‌ನಲ್ಲಿ.

ಆ ತಿಂಗಳ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹಿಂಪಡೆದರು. ಮರುದಿನಕ್ಕೆ ಇನ್ನೂ ಸುಮಾರು 10,000 ಕೋಟಿ ಡಾಲರಿನ ಬೇಡಿಕೆ ಕಾದಿತ್ತು. ಬಾಗಿಲ ಮುಂದೆ ನೂಕುನುಗ್ಗಲು ಕಾಣುವ ಮೊದಲೇ ಎಲ್ಲವೂ ಮುಗಿದಿತ್ತು. ಸುದ್ದಿ ಹರಡಿದ್ದು ಮೊಬೈಲಿನಲ್ಲಿ, ಹಣ ಹೋದದ್ದೂ ಮೊಬೈಲಿನಲ್ಲಿ. 10ರಂದು ಬ್ಯಾಂಕನ್ನು ಮುಚ್ಚಲಾಯಿತು.

ಅದರ ಬೇರು ಎಲ್ಲಿತ್ತು? ಬಡ್ಡಿ ಕಡಿಮೆಯಿದ್ದಾಗ ಆ ಬ್ಯಾಂಕು ದೀರ್ಘಾವಧಿಯ ಸಾಲಪತ್ರಗಳನ್ನು ರಾಶಿ ಹಾಕಿಕೊಂಡಿತ್ತು. ಕೋವಿಡ್ ನಂತರ ಏರುತ್ತಿದ್ದ ಬೆಲೆಗಳಿಗೆ 2022ರ ಫೆಬ್ರುವರಿಯಲ್ಲಿ ಆರಂಭವಾದ ಉಕ್ರೇನ್ ಯುದ್ಧ ಇನ್ನಷ್ಟು ಬೆಂಕಿ ಹಚ್ಚಿತು. ಹಣದುಬ್ಬರ ತಗ್ಗಿಸಲು ಅಮೆರಿಕ ಬಡ್ಡಿ ಏರಿಸಿತು, ಕಡಿಮೆ ಬಡ್ಡಿಯ ಹಳೆಯ ಸಾಲಪತ್ರಗಳ ಬೆಲೆ ಬಿತ್ತು. ಅವನ್ನು ಮಾರಿ ಬ್ಯಾಂಕು ನಷ್ಟ ಮಾಡಿಕೊಂಡಿತೆಂಬ ಸುದ್ದಿಗೆ ಗ್ರಾಹಕರು ಹೆದರಿದರು. ಅದೇ ಯುದ್ಧ ನಮ್ಮ ಅಡುಗೆಮನೆಗೆ ಸೂರ್ಯಕಾಂತಿ ಎಣ್ಣೆಯ ಬೆಲೆಯಾಗಿ ಬಂದದ್ದು ನಿಮಗೆ ನೆನಪಿರಬಹುದು. ಹಾವೇರಿ ಜಿಲ್ಲೆಯ ಒಂದು ಮನೆಗೆ ಅದು ಬಂದ ಬಗೆಯನ್ನು ಇಲ್ಲಿ ಹೇಳಲೇಬೇಕು. ಆ ವರ್ಷದ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಬಂದಿದ್ದ ಆ ಮನೆಯ ಮಗ, ವೈದ್ಯಕೀಯ ವಿದ್ಯಾರ್ಥಿ, ದಾಳಿಗೆ ಬಲಿಯಾದ. ಬಡ್ಡಿದರ, ಎಣ್ಣೆಯ ಬೆಲೆ ಎಂದು ಲೆಕ್ಕ ಹೇಳುವಾಗಲೆಲ್ಲ ಆ ಹುಡುಗನ ನೆನಪಾಗಿ ನನ್ನ ಮಾತು ಒಂದು ಕ್ಷಣ ಕಟ್ಟುತ್ತದೆ.

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಯಲ್ಲಿ ಒಂದು ಸಾಲು ಕಾಣಿಸಿಕೊಂಡಿತು: ಶ್ವೇತಭವನದಲ್ಲಿ ಎರಡು ಸ್ಫೋಟ, ಒಬಾಮಾ ಅವರಿಗೆ ಗಾಯ. ಅದು ಸುಳ್ಳು. ಖಾತೆಗೆ ಕನ್ನ ಹಾಕಿದ್ದು ತಾವೇ ಎಂದು ಸಿರಿಯಾದ ಅಂತರ್ಯುದ್ಧದಲ್ಲಿ ಅಸ್ಸಾದ್ ಸರ್ಕಾರದ ಪರವಾಗಿದ್ದ ಹ್ಯಾಕರ್ ಗುಂಪೊಂದು ಹೇಳಿಕೊಂಡಿತು. ಆ ಒಂದು ಸಾಲಿಗೆ ಅಮೆರಿಕದ ಷೇರುಪೇಟೆಯಲ್ಲಿ ಕೆಲವೇ ನಿಮಿಷಗಳಲ್ಲಿ ಸುಮಾರು 13,600 ಕೋಟಿ ಡಾಲರ್ ಮೌಲ್ಯ ಕರಗಿತು. ಸುಳ್ಳೆಂದು ತಿಳಿದ ಮೇಲೆ ಅಷ್ಟೇ ಬೇಗ ಪೇಟೆ ಚೇತರಿಸಿಕೊಂಡಿತು. ಒಬ್ಬ ದಲ್ಲಾಳಿ ಅದನ್ನು ಓದಿ, ಕಿಟಕಿಯಾಚೆ ನೋಡಿ, ಪರಿಚಿತ ವರದಿಗಾರನಿಗೆ ಫೋನ್ ಮಾಡುವಷ್ಟರಲ್ಲಿ, ಸುದ್ದಿಯ ಶೀರ್ಷಿಕೆ ನೋಡಿ ತಾವೇ ಷೇರು ಮಾರುವ ಕಂಪ್ಯೂಟರ್‌ಗಳು ಮಾರಿ ಮುಗಿಸಿದ್ದವು.

ಯುದ್ಧ, ಹಣ, ಯಂತ್ರ ಮೂರೂ ಒಂದೇ ಕೋಣೆಯಲ್ಲಿ ಭೇಟಿಯಾದ ದಿನ ಅದು. ಇಂದಿನ ಕೃತಕ ಬುದ್ಧಿಮತ್ತೆ ಆಗ ಇರಲೇ ಇಲ್ಲ. ಹತ್ತು ವರ್ಷದ ನಂತರ, 2023ರ ಮೇ 22ರಂದು, ಅಮೆರಿಕದ ಸೇನಾ ಕೇಂದ್ರ ಕಚೇರಿಯಾದ ಪೆಂಟಗನ್ ಬಳಿ ಸ್ಫೋಟವಾದಂತೆ ಯಂತ್ರವೇ ರಚಿಸಿದ್ದೆನ್ನಲಾದ ಚಿತ್ರವೊಂದು ಹರಿದಾಡಿತು. ಷೇರು ಸೂಚ್ಯಂಕ ಸ್ವಲ್ಪ ಹೊತ್ತು ಅಲುಗಿತು. ಮೊದಲ ಸಲ ಖಾತೆಗೆ ಕನ್ನ ಹಾಕಬೇಕಿತ್ತು. ಎರಡನೆಯ ಸಲ ಅದೂ ಬೇಕಾಗಲಿಲ್ಲ.

ಷೇರುಪೇಟೆಯನ್ನು ಮೆಚ್ಚಬೇಕಾದ ಒಂದು ವಿಷಯವಿದೆ: ಅದು ಪೆಟ್ಟು ತಿಂದು ಪಾಠ ಕಲಿತಿದೆ. ನಮ್ಮಲ್ಲಿ ಸೂಚ್ಯಂಕ ಶೇ 10ರಷ್ಟು ಕುಸಿದರೆ ವಹಿವಾಟು ತಾನಾಗಿ ನಿಲ್ಲುತ್ತದೆ. 2020ರ ಮಾರ್ಚ್ 13ರ ಬೆಳಿಗ್ಗೆ, ಕೋವಿಡ್ ಭಯದಲ್ಲಿ, ಪೇಟೆ ತೆರೆದ ಕೆಲವೇ ನಿಮಿಷಗಳಲ್ಲಿ ಹಾಗೆ ನಿಂತಿತು. 45 ನಿಮಿಷದ ಬಳಿಕ ಮತ್ತೆ ತೆರೆದಾಗ ಕೊಳ್ಳುವವರು ಬಂದರು, ಸಂಜೆಗೆ ಸೆನ್ಸೆಕ್ಸ್ 1,325 ಅಂಶ ಏರಿತ್ತು. ಹತ್ತು ದಿನದ ನಂತರ, 23ರಂದು, ಮತ್ತೆ ಹಾಗೆಯೇ ನಿಂತಿತು. ಆ ದಿನ ವಿರಾಮ ಏನನ್ನೂ ಉಳಿಸಲಿಲ್ಲ, ಪೇಟೆ ಶೇ 13ರಷ್ಟು ಬಿತ್ತು. ಬಿಡುವು ಸಿಕ್ಕಿದರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬಿದ್ದವರೂ ಕಣ್ಣು ತೆರೆದುಕೊಂಡೇ ಬಿದ್ದರು.

ಹಣಕ್ಕೆ ಇರುವ ಈ 45 ನಿಮಿಷ ಯುದ್ಧದಲ್ಲಿ ಜೀವಕ್ಕೆ ಇದೆಯೇ? 2024ರ ಏಪ್ರಿಲ್‌ನಲ್ಲಿ ಇಸ್ರೇಲಿನ ಪತ್ರಕರ್ತರು ಒಂದು ವರದಿ ಪ್ರಕಟಿಸಿದರು. ಗಾಜಾದಲ್ಲಿ ಯಾರ ಮೇಲೆ ದಾಳಿ ಮಾಡಬೇಕೆಂದು ಕಂಪ್ಯೂಟರ್ ವ್ಯವಸ್ಥೆಯೊಂದು ಹೆಸರುಗಳನ್ನು ಸೂಚಿಸುತ್ತಿತ್ತು, ಒಂದು ಹೆಸರನ್ನು ಪರಿಶೀಲಿಸಲು ಕೆಲವು ಅಧಿಕಾರಿಗಳು 20 ಸೆಕೆಂಡು ವ್ಯಯಿಸುತ್ತಿದ್ದರು ಎಂದು ಗುಪ್ತಚರ ವಿಭಾಗದವರೇ ಅವರಿಗೆ ಹೇಳಿದ್ದರು. ಸೈನ್ಯ ಇದನ್ನು ಅಲ್ಲಗಳೆಯಿತು. ಅದು ಮಾಹಿತಿ ತಾಳೆ ನೋಡುವ ಸಾಧನ, ತೀರ್ಮಾನ ಮನುಷ್ಯರದೇ ಎಂದಿತು. ಒಂದು ಚೆಕ್ಕಿನ ಮೇಲಿನ ಸಹಿಯನ್ನು ನಾನು ಎಷ್ಟು ಹೊತ್ತು ನೋಡುತ್ತಿದ್ದೆ ಎಂದು ವರದಿ ಓದುವಾಗ ಲೆಕ್ಕ ಹಾಕಿದೆ. 20 ಸೆಕೆಂಡಿಗಿಂತ ಹೆಚ್ಚು.

ಉಕ್ರೇನಿನಲ್ಲಿ ಈ ಒತ್ತಡ ಇನ್ನೊಂದು ದಿಕ್ಕಿನಿಂದ ಬರುತ್ತಿದೆ. ಕೆಲವು ನೂರು ಡಾಲರಿನ ಡ್ರೋನ್ ಲಕ್ಷಾಂತರ ಡಾಲರಿನ ಟ್ಯಾಂಕನ್ನು ಸುಡುತ್ತದೆ. ಶತ್ರು ರೇಡಿಯೊ ಸಂಪರ್ಕವನ್ನು ಕೆಡಿಸಿದರೆ ಚಾಲಕನ ಕೈ ತಪ್ಪುತ್ತದೆ. ಆದ್ದರಿಂದ ಕೊನೆಯ ಹಾದಿಯಲ್ಲಿ ಗುರಿಯನ್ನು ತಾನೇ ಹಿಂಬಾಲಿಸುವ ಡ್ರೋನ್ ಬೇಕಾಯಿತು. ಯಾರೂ ದುಷ್ಟಬುದ್ಧಿಯಿಂದ ಮನುಷ್ಯನನ್ನು ಹೊರಗಿಡಬೇಕಿಲ್ಲ. ಅವನು ನಿಧಾನಿ, ಅಷ್ಟು ಸಾಕು.

2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಇಂಥ ಸ್ವಾಯತ್ತ ಶಸ್ತ್ರಗಳ ಕುರಿತು ನಿರ್ಣಯವೊಂದು ಮತಕ್ಕೆ ಬಂತು. 152 ದೇಶಗಳು ಪರವಾಗಿದ್ದವು. ವಿರೋಧಿಸಿದ ನಾಲ್ಕರಲ್ಲಿ ನಮ್ಮ ದೇಶವೂ ಒಂದು. ಈ ಚರ್ಚೆಗೆ ಜಿನೀವಾದಲ್ಲಿ ಈಗಾಗಲೇ ವೇದಿಕೆಯಿದೆ, ಇನ್ನೊಂದು ಬೇಡ ಎಂಬುದು ಭಾರತದ ವಾದ. ಗಡಿಯಲ್ಲಿ ನಮಗಿರುವ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಆ ಮತ ನನಗೆ ನೋವು ತಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಜಿನೀವಾದ ಮಾತುಕತೆ ಹತ್ತು ವರ್ಷ ಕಳೆದರೂ ಒಂದು ಒಪ್ಪಂದಕ್ಕೆ ತಲುಪಿಲ್ಲ. ಆ ಹತ್ತು ವರ್ಷಗಳಲ್ಲಿ ಶಸ್ತ್ರಗಳು ಎಲ್ಲಿಗೆ ತಲುಪಿವೆ ನೋಡಿ.

ವೇಗವೇ ಕೆಟ್ಟದ್ದೆಂದು ಭಾವಿಸಬೇಡಿ. ಮಲ್ಪೆಯಲ್ಲಿ ಮೀನು ಮಾರುವ ಮಹಿಳೆಗೆ ಯುಪಿಐ ಮೂಲಕ ಆ ಕ್ಷಣವೇ ಹಣ ಬರುತ್ತದೆ, ಚಿಲ್ಲರೆಯ ಜಗಳವಿಲ್ಲ. ಅದು ನನಗೆ ನಿಜವಾದ ಸಂತೋಷ. ನನ್ನ ಆತಂಕ ಬೇರೆ. ನೂರು ರೂಪಾಯಿಯ ಬಂಗುಡೆಗೆ ಇರುವ ವೇಗವೇ ಜೀವಮಾನದ ಉಳಿತಾಯಕ್ಕೂ ಏಕೆ ಇರಬೇಕು?

‘ಡಿಜಿಟಲ್ ಅರೆಸ್ಟ್’ ಎಂಬುದನ್ನು ಕೇಳಿದ್ದೀರಿ: ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ ವಂಚನೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ವಿಜಯಪುರದ ಒಬ್ಬರಿಗೆ ಬಂದ ಅಂಥ ಕರೆಯ ದಾಖಲೆಯನ್ನು ದೇಶಕ್ಕೆ ಕೇಳಿಸಿ, ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ ಎಂದರು. ವಂಚಕರ ಸಮವಸ್ತ್ರ, ಮುದ್ರೆ ಎಲ್ಲವೂ ಅಲಂಕಾರ. ಅವರ ನಿಜವಾದ ಆಯುಧ ಒಂದೇ: ಫೋನ್ ಇಡಲು ಬಿಡುವುದಿಲ್ಲ.

ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರನ್ನು ಹೀಗೆ ಎರಡು ದಿನ ಕ್ಯಾಮೆರಾದ ಮುಂದೆ ಕೂರಿಸಿದ್ದರು. ಮೂರನೆಯ ದಿನ ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೋದರು. ಕರೆ ಕಡಿತವಾಗದ ಫೋನ್ ಕೈಚೀಲದಲ್ಲಿತ್ತು. ಯಾರಿಗೆ ಟೀಚರೇ ಇಷ್ಟು ಹಣ ಎಂದು ಕೌಂಟರಿನ ಹುಡುಗಿ ಕೇಳಿದ್ದಕ್ಕೆ, ಮಗನಿಗೆ ಸೈಟ್ ಕೊಳ್ಳಲು ಎಂದು ಹೇಳಿಕೊಟ್ಟ ಸುಳ್ಳನ್ನೇ ಒಪ್ಪಿಸಿದರು. ಅವರ ಕೈ ನಡುಗುತ್ತಿದ್ದುದನ್ನು ಹುಡುಗಿ ನೋಡಿದಳು. ಸಿಸ್ಟಂ ಇವತ್ತು ತುಂಬಾ ನಿಧಾನ, ಕುಳಿತುಕೊಳ್ಳಿ ಎಂದು ಹೇಳಿ ಒಂದು ಲೋಟ ನೀರು ತಂದಿಟ್ಟಳು. ಅಂದು ಸಿಸ್ಟಂ ಸರಿಯಾಗಿಯೇ ಇತ್ತು. ಅರ್ಧ ಗಂಟೆ ಕುಳಿತ ಮೇಲೆ ಮಗನಿಗೆ ಒಮ್ಮೆ ಫೋನ್ ಮಾಡಬೇಕೆಂದು ತನಗೇ ಹೊಳೆಯಿತು ಎಂದು ಟೀಚರ್ ನನಗೆ ಆಮೇಲೆ ಹೇಳಿದರು. ಕೈಚೀಲದಲ್ಲಿದ್ದ ಕರೆಯನ್ನು ತಾವೇ ಕತ್ತರಿಸಿ, ಅವನ ನಂಬರ್ ಒತ್ತಿದರಂತೆ.